ಕಿವಿಗೊಟ್ಟು ಕೇಳಿ: ಓದಿದರೆ ತಿಳಿಯುವ ಇಂಗ್ಲಿಷ್ ಕೇಳಿದರೆ ಯಾಕೆ ತಿಳಿಯುವುದಿಲ್ಲ?

ಕಳೆದ ಸಂಚಿಕೆಯಲ್ಲಿ ಇಂಗ್ಲಿಷ್ ಮಾತಾಡುವ ಆತುರಕ್ಕಿಂತ ಮೊದಲು ಕೇಳಿಸಿಕೊಳ್ಳುವುದನ್ನು ರೂಢಿಸಿಕೊಳ್ಳಿ ಎಂದು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಈ ಸಲ ಜಾಸ್ತಿ. ಕೆಲವು ಬೈಗುಳವೂ ಇವೆ. 'ಕೇಳುವುದನ್ನೂ ಕಲಿಯಬೇಕಾ ಮೇಡಂ, ದೇವರು ಕಿವಿ ಕೊಟ್ಟಿಲ್ವಾ?' ಎಂದು ತಿಪಟೂರಿನ ನನ್ನ ಹಳೇ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ. ಅವನಿಗೆ ಉತ್ತರ ಕೆಳಗಿನ ಪತ್ರಗಳಲ್ಲೇ ಸಿಗುತ್ತದೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಎಲ್ಲರದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ನಾನು ಕನ್ನಡ ಮಾಧ್ಯಮ. ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ. ಪುಸ್ತಕ ಓದಿದರೆ ಅರ್ಥವಾಗುತ್ತದೆ. ಕ್ಲಾಸಿನಲ್ಲಿ ಕೂತರೆ ಅರ್ಧ ಹಾರಿಹೋಗುತ್ತದೆ. ಹಾಸ್ಟೆಲಿನ ಗೆಳೆಯರು ಇಂಗ್ಲಿಷ್ ಸಿನಿಮಾ ನೋಡು ಅಂದರು. ನೋಡುತ್ತಿದ್ದೇನೆ, ಏನೂ ಪ್ರಯೋಜನವಾಗಿಲ್ಲ. ನನಗೆ ಶಬ್ದಗಳು ಕಡಿಮೆ ಗೊತ್ತಿವೆಯಾ ಮೇಡಂ? (ವಿದ್ಯಾರ್ಥಿ, ಹಿರಿಯೂರು)

ಇಲ್ಲಪ್ಪ. ಓದಿದರೆ ಅರ್ಥವಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದರೆ ಶಬ್ದಗಳು ನಿಮ್ಮ ಬಳಿ ಇವೆ. ಆದರೆ ಅವು ಬಂದದ್ದು ಕಣ್ಣಿನ ದಾರಿಯಲ್ಲಿ. ಕಿವಿಗೆ ಅವುಗಳ ಪರಿಚಯವೇ ಇಲ್ಲ. ನಾವು ಮೇಷ್ಟ್ರುಗಳು ಪಾಠ ಓದಿಸಿದೆವು, ಪ್ರಶ್ನೋತ್ತರ ಬರೆಸಿದೆವು, ಆ್ಯಕ್ಟಿವ್ ವಾಯ್ಸನ್ನು ಪ್ಯಾಸಿವ್‌ಗೆ ಬದಲಾಯಿಸಲು ಕೊಟ್ಟೆವು. ಅಂಕ ಬರುವುದು ಬರೆದದ್ದಕ್ಕೆ, ಹಾಗಾಗಿ ಬರೆಸಿದ್ದೇ ಬರೆಸಿದ್ದು.

ಪುಸ್ತಕದಲ್ಲಿ ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಿಟ್ಟಿರುತ್ತಾರೆ. ಮಾತಿನಲ್ಲಿ ಆ ಜಾಗ ಇರುವುದಿಲ್ಲ. 'ನಾಟ್ ಅಟ್ ಆಲ್' ಎಂದು ನಾವು ಓದಿದ್ದು 'ನಾಟಟಾಲ್' ಎಂದು ಕಿವಿಗೆ ಬೀಳುತ್ತದೆ. 'ಐ ಶುಡ್ ಹ್ಯಾವ್ ಟೋಲ್ಡ್ ಹಿಮ್' ಎನ್ನುವುದು 'ಐ ಶುಡವ್ ಟೋಲ್ಡಿಮ್' ಆಗುತ್ತದೆ. 'ವಾಟ್ ಆರ್ ಯು ಗೋಯಿಂಗ್ ಟು ಡೂ' ಎಂಬ ಉದ್ದದ ವಾಕ್ಯ 'ವಾಚ ಗೊನ ಡೂ' ಎಂದು ಮುಗಿದೇ ಹೋಗುತ್ತದೆ. ಈ ಮೂರರಲ್ಲಿ ನಿಮಗೆ ಗೊತ್ತಿಲ್ಲದ ಶಬ್ದ ಒಂದಾದರೂ ಇದೆಯಾ?

ಇದು ಇಂಗ್ಲಿಷಿನವರ ಸೋಮಾರಿತನ ಅಂದುಕೊಳ್ಳಬೇಡಿ. ನಾವೂ ಅದನ್ನೇ ಮಾಡುತ್ತೇವೆ. 'ಏನು ಮಾಡುತ್ತಿದ್ದೀಯ' ಎಂದು ಯಾರು ಪೂರ್ತಿ ಹೇಳುತ್ತಾರೆ? 'ಏನ್ಮಾಡ್ತಿದೀಯ' ಅನ್ನುತ್ತೇವೆ. ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತ ಒಬ್ಬ ಜರ್ಮನಿಯವರನ್ನು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ನೋಡಿ. ಅವರು ಕಲಿತಿರುವುದು 'ಬರುತ್ತೇನೆ'. ಮೈಸೂರಿನವರು 'ಬರ್ತೀನಿ' ಅಂದರು, ಧಾರವಾಡದವರು 'ಬರ್ತೇನ್ರೀ' ಅಂದರು, ಕುಂದಾಪುರದವರು 'ಬತ್ತೆ' ಅಂದರು. ಪಾಪ, ಆ ಜರ್ಮನಿಯವರೂ ನಿಮ್ಮ ಹಾಗೇ 'ನನಗೆ ಶಬ್ದಗಳು ಕಡಿಮೆ ಗೊತ್ತಿವೆಯಾ' ಎಂದು ಪತ್ರ ಬರೆಯುತ್ತಾರೆ.

ಇನ್ನೊಂದು ತೊಡಕು ಭಾರದ್ದು. ಕನ್ನಡದಲ್ಲಿ ನಾವು ಹೆಚ್ಚು ಕಡಿಮೆ ಎಲ್ಲ ಅಕ್ಷರಕ್ಕೂ ಸಮನಾಗಿ ಒತ್ತು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಕೆಲವು ಅಕ್ಷರಗಳ ಮೇಲೆ ಗಟ್ಟಿಯಾಗಿ ಕೂತು, ಉಳಿದವನ್ನು ನುಂಗುತ್ತಾರೆ. ಟು, ಆಫ್, ಫಾರ್, ಆ್ಯಂಡ್, ಕ್ಯಾನ್ ಇಂಥ ಸಣ್ಣ ಶಬ್ದಗಳೆಲ್ಲ ನುಂಗಿಹಾಕುವ ಪಟ್ಟಿಯಲ್ಲಿವೆ. 'ಐ ಕ್ಯಾನ್ ಕಮ್' ಎಂದು ಒಬ್ಬ ಅಮೆರಿಕದವರು ಹೇಳಿದರೆ ನಿಮಗೆ ಸ್ಪಷ್ಟವಾಗಿ ಕೇಳಿಸುವುದು 'ಕಮ್' ಮಾತ್ರ. ನಡುವಿನದು 'ಕ್ನ್' ಎಂದು ಸರಿದುಹೋಗುತ್ತದೆ. ಅದೇ ಜಾಗದಲ್ಲಿ 'ಕ್ಯಾನ್' ಎಂದು ಒತ್ತಿ ಕೇಳಿಸಿದರೆ ಹುಷಾರು. ಬಹಳ ಸಲ ಅದು 'ಕ್ಯಾಂಟ್' ಆಗಿರುತ್ತದೆ, ಕೊನೆಯ 'ಟ್' ಗಂಟಲಲ್ಲೇ ನಿಂತಿರುತ್ತದೆ. ಬರುತ್ತೇನೆ ಅಂದರೋ ಬರುವುದಿಲ್ಲ ಅಂದರೋ ಎಂಬುದು ಇಷ್ಟರ ಮೇಲೆ ನಿಂತಿದೆ.

ನಿಮ್ಮ ಲೆಕ್ಚರರ್ ಅಮೆರಿಕದವರಲ್ಲ ನಿಜ. ಕೇರಳದವರೋ ಬಿಹಾರದವರೋ ಇರಬಹುದು. ಅವರವರ ತಾಯಿನುಡಿಯ ಗಾಳಿ ಅವರವರ ಇಂಗ್ಲಿಷಿನಲ್ಲಿ ಬೀಸುತ್ತದೆ. ಅದಕ್ಕೂ ಕಿವಿ ಒಗ್ಗಬೇಕು.

ಈಗ ಸಿನಿಮಾ ವಿಚಾರ. ಸಿನಿಮಾ ನೋಡಿ ಇಂಗ್ಲಿಷ್ ಕಲಿ ಎನ್ನುವ ಸಲಹೆ ನನಗೆ ಆಗಿಬರುವುದಿಲ್ಲ. ಅಲ್ಲಿ ಹಿನ್ನೆಲೆ ಸಂಗೀತ ಬೇರೆ, ಕಾರು ಸಿಡಿಯುವ ಸದ್ದು ಬೇರೆ, ಪಿಸುಮಾತು ಬೇರೆ. ಚಿತ್ರವೇ ಅರ್ಧ ಕಥೆ ಹೇಳಿಬಿಡುತ್ತದೆ. ಕೆಳಗೆ ಅಕ್ಷರ ಓಡುತ್ತಿದ್ದರೆ ಕಣ್ಣು ಅದನ್ನು ಓದಿ ಮುಗಿಸಿರುತ್ತದೆ, ಕಿವಿಗೆ ಕೆಲಸವೇ ಇಲ್ಲ. ಎರಡು ಗಂಟೆ ಅರ್ಥವಾಗದ್ದನ್ನು ಕೇಳಿದರೆ ಎರಡು ಗಂಟೆ ಹೋಯಿತು, ಅಷ್ಟೇ.

ನೀವು ಒಂದು ನಿಮಿಷದ ಆಡಿಯೊ ತೆಗೆದುಕೊಳ್ಳಿ. ಒಂದೇ ನಿಮಿಷ. ಆದರೆ ಅದರ ಬರಹ ನಿಮ್ಮ ಕೈಗೆ ಸಿಗುವಂತಿರಬೇಕು. ಮೊದಲ ಸಲ ಸುಮ್ನೆ ಕೇಳಿ. ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವುದರ ಬಗ್ಗೆ, ಅಷ್ಟು ಗೊತ್ತಾದರೆ ಸಾಕು. ಎರಡನೇ ಸಲ ವಾಕ್ಯಕ್ಕೊಮ್ಮೆ ನಿಲ್ಲಿಸಿ, ಕೇಳಿಸಿದ್ದನ್ನು ಕಾಗದದ ಮೇಲೆ ಬರೆಯಿರಿ. ಕೇಳಿಸದ ಕಡೆ ಗೆರೆ ಎಳೆದು ಜಾಗ ಬಿಡಿ. ಊಹಿಸಿ ತುಂಬಬೇಡಿ. ಗೆರೆಗಳು ಕಡಿಮೆಯಾಗುವವರೆಗೆ ಇನ್ನೂ ಎರಡು ಮೂರು ಸಲ ಕೇಳಿ. ಆಮೇಲಷ್ಟೇ ಬರಹ ತೆರೆದು, ಗೆರೆ ಇದ್ದ ಕಡೆಯಲ್ಲೆಲ್ಲ ಕೆಂಪು ಶಾಯಿಯಲ್ಲಿ ಸರಿಯಾದ ಶಬ್ದ ಬರೆಯಿರಿ.

ಆ ಕೆಂಪು ಶಬ್ದಗಳೇ ನಿಮಗೆ ಬೇಕಾದದ್ದು. ಒಂದೊಂದನ್ನೂ ನೋಡಿ, ಇದು ನನಗೆ ಗೊತ್ತೇ ಇಲ್ಲದ ಶಬ್ದವಾ, ಗೊತ್ತಿದ್ದೂ ಕೇಳಿಸದೆ ಹೋದದ್ದಾ ಎಂದು ಕೇಳಿಕೊಳ್ಳಿ. ಕಾಲೇಜಿನಲ್ಲಿ ನಾನು ಮಾಡಿಸಿದಾಗಲೆಲ್ಲ ಮಕ್ಕಳ ಹಾಳೆಯಲ್ಲಿ ಎರಡನೇ ಜಾತಿಯದ್ದೇ ಜಾಸ್ತಿ ಇರುತ್ತಿತ್ತು. ಆಫ್, ಹ್ಯಾಡ್, ದೆಮ್, ಇನ್ ಎ. ಮೂರನೇ ಕ್ಲಾಸಿನ ಶಬ್ದಗಳು! ಅವನ್ನು ಡಿಕ್ಷನರಿಯಲ್ಲಿ ಹುಡುಕಿ ಏನೂ ಆಗುವುದಿಲ್ಲ. ಆ ತುಣುಕನ್ನು ಮತ್ತೆ ಮತ್ತೆ ಹಾಕಿ, ಅವರು ಹೇಳಿದ ವೇಗದಲ್ಲೇ, ಅವರು ನುಂಗಿದ ಹಾಗೇ ನುಂಗಿ, ಜೊತೆಯಲ್ಲಿ ಹೇಳಬೇಕು. ಕಬ್ಬನ್ನು ರಸ ಮುಗಿಯುವವರೆಗೆ ಜಗಿಯುವುದಿಲ್ವಾ, ಹಾಗೆ. ಮರುದಿನ ಬೆಳಿಗ್ಗೆ ಅದೇ ನಿಮಿಷವನ್ನು ಬರಹವಿಲ್ಲದೆ ಇನ್ನೊಮ್ಮೆ ಕೇಳಿ, ನಂತರ ಹೊಸದಕ್ಕೆ ಹೋಗಿ.

ಯಾವ ಆಡಿಯೊ ಅಂತ ಕೇಳುತ್ತೀರಿ. ನಿಮ್ಮ ಸಮಸ್ಯೆ ಕ್ಲಾಸಿನದ್ದಾದ್ದರಿಂದ ಎನ್‌ಪಿಟಿಇಎಲ್ ಎಂಬ ವಿಡಿಯೊ ಪಾಠಗಳಿಂದ ಶುರು ಮಾಡಿ. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಆರಂಭಿಸಿದ್ದು. ಪಾಠಗಳೆಲ್ಲ ಉಚಿತ. ನಿಮ್ಮದೇ ವಿಷಯ, ದೇಶದ ನಾನಾ ಮೂಲೆಯ ಪ್ರೊಫೆಸರುಗಳ ದನಿ, ಜೊತೆಗೆ ಬರಹವೂ ಸಿಗುತ್ತದೆ. ನಾಳೆ ಕ್ಲಾಸಿನಲ್ಲಿ ಆಗುವ ಪಾಠವನ್ನು ಇಂದೇ ಪುಸ್ತಕದಲ್ಲಿ ಓದಿಕೊಂಡು, ಅದರ ವಿಡಿಯೊದಲ್ಲಿ ಒಂದು ನಿಮಿಷ ಆರಿಸಿಕೊಳ್ಳಿ. ವೇಗ ಜಾಸ್ತಿ ಅನಿಸಿದರೆ ಯೂಟ್ಯೂಬಿನಲ್ಲಿ 0.75ಕ್ಕೆ ಇಳಿಸಬಹುದು. ಆದರೆ ಅಲ್ಲೇ ಕೂತುಬಿಡಬೇಡಿ. ಅದೇ ತುಣುಕನ್ನು ಕೊನೆಗೆ ಪೂರ್ತಿ ವೇಗದಲ್ಲಿ ಕೇಳಿಯೇ ಏಳಬೇಕು. ನಿಮ್ಮ ಲೆಕ್ಚರರಿಗೆ 0.75ರ ಗುಂಡಿ ಇಲ್ಲ ನೋಡಿ.

ಪ್ರಶ್ನೆ: ಸಬ್‌ಟೈಟಲ್ ಹಾಕಿಕೊಂಡು ನೋಡಬಹುದಾ, ಬೇಡವಾ? ಒಂದೇ ಮಾತಲ್ಲಿ ಹೇಳಿ. (ಗೃಹಿಣಿ, ಶಿರಸಿ)

ಮೊದಲು ಇಲ್ಲದೆ, ಆಮೇಲೆ ಹಾಕಿಕೊಂಡು, ಕೊನೆಗೆ ಮತ್ತೆ ಇಲ್ಲದೆ. ಒಂದು ಮಾತು ಮೂರಾಯಿತು, ಕ್ಷಮಿಸಿ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಬ್ರಿಟನ್ನಿಗೆ ಹೋಗುವ ಆಸೆ. ಇಂಗ್ಲಿಷ್ ಪರೀಕ್ಷೆಗಳಲ್ಲಿ ಎಲ್ಲರೂ ಬರೆಯುವ ಐಇಎಲ್‌ಟಿಎಸ್ ಒಳ್ಳೆಯದಾ, ಆಸ್ಪತ್ರೆಯವರಿಗೆಂದೇ ಇರುವ ಓಇಟಿ ಒಳ್ಳೆಯದಾ? ಉಳಿದದ್ದೆಲ್ಲ ಪರವಾಗಿಲ್ಲ, ಲಿಸನಿಂಗ್‌ನಲ್ಲಿ ಕೈಕೊಡುತ್ತದೆ. ಒಂದೇ ಸಲ ಕೇಳಿಸುತ್ತಾರೆ. ಒಂದು ಉತ್ತರ ಬರೆಯುವಷ್ಟರಲ್ಲಿ ಮುಂದಿನದು ಹೋಗಿಬಿಟ್ಟಿರುತ್ತದೆ. (ಕಲಬುರಗಿ)

ಸಿಸ್ಟರ್, ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್ ಆದರೆ ಲಿಸನಿಂಗ್‌ಗೆ 7 ಬೇಕು, ಓಇಟಿ ಆದರೆ ಬಿ ಗ್ರೇಡ್. ನಿಯಮಗಳು ಬದಲಾಗುತ್ತಿರುತ್ತವೆ, ಹಣ ಕಟ್ಟುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ.

ಐಇಎಲ್‌ಟಿಎಸ್‌ನಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷದ ಆಡಿಯೊ. ಮೊದಲ ಭಾಗ ಮನೆ ಬಾಡಿಗೆ, ಟಿಕೆಟ್ ಬುಕಿಂಗ್ ಥರದ ದಿನಬಳಕೆಯ ಮಾತುಕತೆ. ಕೊನೆಯದು ಯೂನಿವರ್ಸಿಟಿ ಲೆಕ್ಚರ್. ಅದು ಯಾವ ವಿಷಯದ್ದೂ ಆಗಬಹುದು. ಓಇಟಿಯಲ್ಲಿ 42 ಪ್ರಶ್ನೆ, ಎಲ್ಲ ಆರೋಗ್ಯದ ವಿಷಯವೇ. ಮೊದಲ ಭಾಗದಲ್ಲಿ ರೋಗಿಯ ಜೊತೆಗಿನ ಎರಡು ಮಾತುಕತೆ ಕೇಳಿಸಿಕೊಂಡು ನೋಟ್ಸಿನ 24 ಖಾಲಿ ಜಾಗ ತುಂಬಬೇಕು. ಆಮೇಲೆ ವಾರ್ಡಿನ ಆರು ಚಿಕ್ಕ ಮಾತುಕತೆಗೆ ಆರು ಪ್ರಶ್ನೆ. ಕೊನೆಗೆ ಎರಡು ಉದ್ದನೆಯ ಭಾಷಣ ಅಥವಾ ಸಂದರ್ಶನಕ್ಕೆ 12. ದಿನಾ ವಾರ್ಡಿನಲ್ಲಿ ನಿಲ್ಲುವವರಿಗೆ ಓಇಟಿಯೇ ಹತ್ತಿರ ಎಂದು ನನ್ನ ಅನಿಸಿಕೆ. ವಿಷಯ ಮೊದಲೇ ಗೊತ್ತಿದ್ದರೆ ಕಿವಿಯ ಹೊರೆ ಅರ್ಧ ಇಳಿಯುತ್ತದೆ.

ಆದರೆ ಡಾಕ್ಟರ್ ಇಂಗ್ಲಿಷ್ ಗೊತ್ತಿದ್ದರೆ ಸಾಲದು, ರೋಗಿಯ ಇಂಗ್ಲಿಷ್ ಬೇಕು. ನಿಮ್ಮ ವಾರ್ಡಿಗೆ ಬರುವ ಅಜ್ಜಿ 'ಮೂತ್ರ ವಿಸರ್ಜನೆ' ಅನ್ನುತ್ತಾರಾ? 'ಒಂದಕ್ಕೆ ಹೋಗಾಕ ಆಗವಲ್ದು' ಅನ್ನುತ್ತಾರೆ. ಅಲ್ಲಿನ ಅಜ್ಜಿಯೂ ಅಷ್ಟೇ, 'ಪಾಸಿಂಗ್ ವಾಟರ್' ಎನ್ನುತ್ತಾರೆ. ಕಾಲು ಜೋಮು ಹಿಡಿದರೆ 'ಪಿನ್ಸ್ ಆ್ಯಂಡ್ ನೀಡಲ್ಸ್'. ಊಟ ಸೇರದಿದ್ದರೆ 'ಐ ಆ್ಯಮ್ ಆಫ್ ಮೈ ಫುಡ್'. ಮೈಯಲ್ಲಿ ಹುಷಾರಿಲ್ಲದಿದ್ದರೆ 'ಅಂಡರ್ ದ ವೆದರ್'. ಇಂಥವನ್ನು ಓದಿ ಬಾಯಿಪಾಠ ಮಾಡಬೇಡಿ. ಗೆಳತಿಯೊಬ್ಬರಿಗೆ ಕೊಟ್ಟು ಫೋನಿನಲ್ಲಿ ಓದಿಸಿ, ನೀವು ಕೇಳಿಸಿಕೊಂಡು ಬರೆಯಿರಿ.

ಸಮಯದ ಬಗ್ಗೆ ಒಂದು ಎಚ್ಚರಿಕೆ. ಬ್ರಿಟನ್ನಿನ ಒಂದು ಕ್ಲಿನಿಕ್. ರೋಗಿ ಫೋನ್ ಮಾಡಿ, ಇವತ್ತು ಮಧ್ಯಾಹ್ನ ಡಾಕ್ಟರನ್ನು ನೋಡಬಹುದಾ ಎಂದು ಕೇಳುತ್ತಾರೆ. ರಿಸೆಪ್ಷನ್‌ನಲ್ಲಿರುವವರು ಹೀಗೆ ಹೇಳುತ್ತಾರೆ: 'ಐಮ್ ಅಫ್ರೇಡ್ ಶೀಸ್ ಫುಲಿ ಬುಕ್ಟ್ ಟುಡೇ. ಐ ಕುಡ್ ಡೂ ಟ್ಯೂಸ್‌ಡೇ, ಓ ನೋ, ಸಾರಿ, ವೆಡ್ನ್ಸ್‌ಡೇ, ಟೆನ್ ಟು ಫೋರ್.' ಭೇಟಿ ಯಾವಾಗ?

ನಮ್ಮವರು ಬಹಳ ಜನ 'ಮಂಗಳವಾರ, ಹತ್ತರಿಂದ ನಾಲ್ಕರವರೆಗೆ' ಎಂದು ಬರೆಯುತ್ತಾರೆ. ಎರಡೂ ತಪ್ಪು. ದಿನವನ್ನು ಅವರೇ ತಿದ್ದಿಕೊಂಡರು, ಬುಧವಾರ. ಹೊತ್ತು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ಅಂದರೆ 3.50. 'ಹಾಫ್ ಫೈವ್' ಅಂದರೂ ಅಷ್ಟೇ, ಬ್ರಿಟನ್ನಿನಲ್ಲಿ ಅದು 5.30. ಮೊದಲು ಒಂದು ಹೇಳಿ ಆಮೇಲೆ ತಿದ್ದಿಕೊಳ್ಳುವುದು ಇಂಥ ಪರೀಕ್ಷೆಗಳ ಮಾಮೂಲಿ ಬಲೆ. ಹಾಗಾಗಿ ವಾಕ್ಯ ಮುಗಿಯುವ ಮುಂಚೆ ಪೆನ್ನು ಒತ್ತಬೇಡಿ. 'ನೋ', 'ಸಾರಿ', 'ಆ್ಯಕ್ಚುಲಿ', 'ಬಟ್' ಬಂತೆಂದರೆ ಕಿವಿ ನಿಮಿರಬೇಕು.

ಬರೆಯುವಷ್ಟರಲ್ಲಿ ಮುಂದಿನದು ಹೋಗುತ್ತದೆ ಎಂದಿರಿ. ಹೋಗುವುದು ಉತ್ತರ ಬರೆದದ್ದಕ್ಕಲ್ಲ, ತಪ್ಪಿದ ಉತ್ತರವನ್ನು ನೆನೆಯುತ್ತಾ ಕೂತದ್ದಕ್ಕೆ. ಒಂದು ತಪ್ಪಿತಾ, ಬಿಡಿ. ಅದನ್ನು ಹುಡುಕಲು ಹೋದರೆ ಇನ್ನೆರಡು ಹೋಗುತ್ತವೆ. ಆಡಿಯೊ ಶುರುವಾಗುವ ಮುಂಚೆ ಪ್ರಶ್ನೆ ಓದಲು ಸ್ವಲ್ಪ ಹೊತ್ತು ಕೊಡುತ್ತಾರಲ್ಲ, ಆಗ ಪ್ರತಿ ಖಾಲಿ ಜಾಗಕ್ಕೂ ಏನು ಬರಬಹುದು ಎಂದು ನೋಡಿಕೊಳ್ಳಿ. ಔಷಧಿಯ ಹೆಸರಾ, ದಿನವಾ, ದೇಹದ ಭಾಗವಾ? ಅಷ್ಟು ಗೊತ್ತಿದ್ದರೆ ಅದು ಬಂದಾಗ ಕಿವಿ ತಾನೇ ಹಿಡಿಯುತ್ತದೆ. ನಿಮಗೆ ಒಳ್ಳೆಯದಾಗಲಿ. ಅಲ್ಲಿಗೆ ಹೋದ ಮೇಲೂ ಪತ್ರ ಬರೆಯಿರಿ.

ಪ್ರಶ್ನೆ: ನಮ್ಮದು ಆನೆಗೊಂದಿಯಲ್ಲಿ ಹೋಂಸ್ಟೇ. ಹಂಪಿ ನೋಡಲು ಬರುವ ಫಾರಿನ್ನವರು ಉಳಿದುಕೊಳ್ಳುತ್ತಾರೆ. ಒಬ್ಬೊಬ್ಬರ ಇಂಗ್ಲಿಷ್ ಒಂದೊಂದು ಥರ. ಎಲ್ಲಕ್ಕೂ ಯೆಸ್ ಯೆಸ್ ಅಂದು ಫಜೀತಿಯಾಗಿದೆ. ಒಬ್ಬರು 13ಕ್ಕೆ ಬರುತ್ತೇವೆ ಅಂದದ್ದನ್ನು 30 ಎಂದು ಬರೆದುಕೊಂಡು ರೂಮು ಬೇರೆಯವರಿಗೆ ಕೊಟ್ಟುಬಿಟ್ಟೆ.

ನಿಮ್ಮಲ್ಲಿಗೆ ಬರುವ ಫ್ರೆಂಚರು, ಇಸ್ರೇಲಿನವರು, ಜರ್ಮನಿಯವರು ಬಹುಪಾಲು ನಮ್ಮ ಹಾಗೇ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತವರು. ಅವರಿಗೂ ನಿಮ್ಮಷ್ಟೇ ಅಳುಕಿರುತ್ತದೆ. ನಿಮಗೆ ಎಲ್ಲ ಇಂಗ್ಲಿಷ್ ಬೇಕಾಗಿಲ್ಲ. ಬಿಸಿನೀರು, ಚೆಕ್‌ಔಟ್, ಬಾಡಿಗೆ ಸ್ಕೂಟರ್, ತೆಪ್ಪ, ಊಟದಲ್ಲಿ ಖಾರ, ಹೊಸಪೇಟೆಯಿಂದ ರೈಲು. ಮಾತೆಲ್ಲ ಇದರ ಸುತ್ತಲೇ ತಿರುಗುತ್ತದೆ. ಮುಂದಿನ ಸಲ ಬಂದವರನ್ನು ಕೇಳಿಕೊಂಡು, ಈ ವಿಷಯಗಳ ಬಗ್ಗೆ ಅವರು ಹೇಗೆ ಕೇಳುತ್ತಾರೋ ಹಾಗೇ ನಿಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿಕೊಡಲು ಹೇಳಿ. ಖುಷಿಯಿಂದ ಮಾಡಿಕೊಡುತ್ತಾರೆ. ಒಂದು ಸೀಸನ್ ಮುಗಿಯುವಷ್ಟರಲ್ಲಿ ಒಂದೇ ಪ್ರಶ್ನೆ ಏಳೆಂಟು ದೇಶದ ಬಾಯಲ್ಲಿ ನಿಮ್ಮ ಬಳಿ ಇರುತ್ತದೆ. ಅಂಥ ಕ್ಯಾಸೆಟ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇನ್ನು 13 ಮತ್ತು 30. ಥರ್ಟೀನ್‌ನಲ್ಲಿ ಒತ್ತು ಸಾಮಾನ್ಯವಾಗಿ ಕೊನೆಗೆ ಬೀಳುತ್ತದೆ, 'ಟೀನ್' ಎಳೆಯುತ್ತದೆ. ಥರ್ಟಿಯಲ್ಲಿ ಒತ್ತು ಮೊದಲಿಗೆ, ಕೊನೆ ಮೊಟಕು. ಇದನ್ನು ತಿಳಿದುಕೊಂಡರೂ ಗದ್ದಲದಲ್ಲಿ ನಂಬಬೇಡಿ. 'ಒನ್ ತ್ರೀ, ಆರ್ ತ್ರೀ ಝೀರೋ?' ಎಂದು ಕೇಳಿಬಿಡಿ. ಯೆಸ್ ಅನ್ನುವ ಬದಲು, ಕೇಳಿಸಿದ್ದನ್ನೇ ಅವರಿಗೆ ಒಪ್ಪಿಸಿ: 'ಯೂ ವಾಂಟ್ ದ ಸ್ಕೂಟರ್ ಅಟ್ ಸೆವೆನ್, ಟುಮಾರೋ ಮಾರ್ನಿಂಗ್?' ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಬರೀ 'ಪಾರ್ಡನ್' ಅಂದರೆ ಅವರು ಪೂರ್ತಿ ಕಥೆಯನ್ನು ಅದೇ ವೇಗದಲ್ಲಿ ಮತ್ತೆ ಹೇಳುತ್ತಾರೆ.

ಪ್ರಶ್ನೆ: ಮಗ ಸೊಸೆ ಅಮೆರಿಕದಲ್ಲಿದ್ದಾರೆ. ಮೊಮ್ಮಗನಿಗೆ ಐದು ವರ್ಷ. ಭಾನುವಾರ ವಿಡಿಯೊ ಕಾಲ್ ಮಾಡಿದರೆ ಬಡಬಡ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಾನೆ. ನಾನು ಬಿ.ಎ. ಓದಿದವಳು, ಆದರೂ ಒಂದೂ ತಿಳಿಯುವುದಿಲ್ಲ. ಮಗನನ್ನು ಕೇಳಿದರೆ ನಗುತ್ತಾನೆ. (ಮೈಸೂರು)

ನಗಲಿ ಬಿಡಿ, ಅವನ ಮಗನ ಮಾತು ಅವನಿಗೇ ಎಷ್ಟು ತಿಳಿಯುತ್ತದೋ! ಐದು ವರ್ಷದ ಮಗುವಿನ ಮಾತನ್ನು ಪರದೆಯ ಮೇಲೆ ಹಿಡಿಯುವುದು ಕನ್ನಡದಲ್ಲೇ ಕಷ್ಟ. ಜೊತೆಗೆ ಅಮೆರಿಕದವರು ನಡುವಿನ 'ಟ'ವನ್ನು 'ಡ'ದ ಹತ್ತಿರಕ್ಕೆ ತಂದುಬಿಡುತ್ತಾರೆ. ವಾಟರ್ 'ವಾಡರ್' ಆಗುತ್ತದೆ, ಬಟರ್ 'ಬಡರ್' ಆಗುತ್ತದೆ, ಟ್ವೆಂಟಿಯಲ್ಲಂತೂ 'ಟ' ಮಾಯವಾಗಿ 'ಟ್ವೆನಿ' ಆಗುತ್ತದೆ. ಇದೊಂದು ಗೊತ್ತಿದ್ದರೇ ಸ್ವಲ್ಪ ಬೆಳಕು ಬೀಳುತ್ತದೆ.

ಸೊಸೆಯನ್ನು ಕೇಳಿ, ಅವನು ಈಗ ಓದಿಸಿಕೊಳ್ಳುತ್ತಿರುವ ಚಿತ್ರದ ಪುಸ್ತಕ ಯಾವುದು ಅಂತ. ಅದರ ಪುಟಗಳ ಫೋಟೊ ತರಿಸಿಕೊಂಡು ಶನಿವಾರ ಓದಿಕೊಳ್ಳಿ. ಭಾನುವಾರ ಅವನ ಕೈಯಲ್ಲೇ ಆ ಕಥೆ ಹೇಳಿಸಿ. ಕಥೆ ಗೊತ್ತಿರುವುದರಿಂದ ಅವನು ಎಷ್ಟು ಬಡಬಡಿಸಿದರೂ ನಿಮಗೆ ಜಾಗ ಸಿಗುತ್ತದೆ. ಏನನ್ನಾದರೂ ತೋರಿಸುತ್ತಾ ಮಾತಾಡಲು ಹೇಳಿ, ಆಟದ ಸಾಮಾನು, ಶೂ, ತಟ್ಟೆ, ಏನಾದರೂ ಸರಿ. ನೀವು ಮಾತ್ರ ಉತ್ತರವನ್ನು ಕನ್ನಡದಲ್ಲೇ ಕೊಡಿ. ಅವನ ಕಿವಿಗೂ ಅಭ್ಯಾಸ ಬೇಕಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ 'ಟಿವಿ ಸದ್ದೂ ಇತ್ತೀಚೆಗೆ ಜಾಸ್ತಿ ಮಾಡಿಕೊಳ್ಳುತ್ತೇನೆ' ಎಂದು ಬರೆದಿದ್ದೀರಿ. ಅದನ್ನು ಹಗುರವಾಗಿ ಬಿಡಬೇಡಿ. ವಯಸ್ಸಾದಂತೆ ಮೊದಲು ಮಂಕಾಗುವುದು ಕೀಚಲು ದನಿಗಳು. ಸ, ಫ, ಥ ಇಂಥ ಸದ್ದುಗಳು ಆ ಜಾತಿಯವೇ, ಮಕ್ಕಳ ದನಿಯೂ ಎತ್ತರದ್ದು. ಇಂಗ್ಲಿಷಿನಲ್ಲಿ ಒಂದಾ ಹಲವಾ ಎಂಬುದೇ ಕೊನೆಯ 'ಸ್' ಮೇಲೆ ನಿಂತಿರುತ್ತದೆ. ನೀವಿರುವ ಊರಿನಲ್ಲೇ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗಿ ಒಮ್ಮೆ ಕಿವಿ ತೋರಿಸಿಕೊಂಡು ಬನ್ನಿ. ನಿಮ್ಮ ವಯಸ್ಸಿಗೆ ಹತ್ತಿರದವಳೇ ನಾನು, ಸಲುಗೆಯಿಂದ ಹೇಳುತ್ತಿದ್ದೇನೆ.

ಪ್ರಶ್ನೆ: ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ನಾನು. ಸ್ಪೀಕರ್ ಇಲ್ಲ, ಇದ್ದ ದಿನ ಕರೆಂಟ್ ಇಲ್ಲ. ಮಕ್ಕಳಿಗೆ ಕೇಳಿಸಿಕೊಳ್ಳುವ ಅಭ್ಯಾಸ ಹೇಗೆ ಮಾಡಿಸಲಿ? (ಯಾದಗಿರಿ)

ಮೇಷ್ಟ್ರೇ, ನಿಮ್ಮ ಗಂಟಲಿಗೆ ಕರೆಂಟ್ ಬೇಡ. ನೀವೇ ಓದಿ. ನನ್ನ ಉಚ್ಚಾರ ಸರಿಯಿಲ್ಲವಲ್ಲ ಎಂದು ಹಿಂಜರಿಯಬೇಡಿ. ಆ ಮಕ್ಕಳಿಗೆ ವಾರಕ್ಕೆ ನಾಲ್ಕೈದು ಗಂಟೆ ಸಿಗುವ ಇಂಗ್ಲಿಷ್ ದನಿ ನಿಮ್ಮದೊಂದೇ.

ಒಂದು ಅಭ್ಯಾಸ ಮಾತ್ರ ನಿಲ್ಲಿಸಿ. ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದುವುದು, ತಕ್ಷಣ ಅದನ್ನೇ ಕನ್ನಡದಲ್ಲಿ ಹೇಳುವುದು. ನಮ್ಮ ಎಷ್ಟೋ ಕ್ಲಾಸುಗಳಲ್ಲಿ ಇದೇ ಪದ್ಧತಿ. ಕನ್ನಡ ಹೇಗೂ ಬರುತ್ತದೆ ಎಂದು ಗೊತ್ತಾದ ಮೇಲೆ ಮಕ್ಕಳು ಇಂಗ್ಲಿಷ್ ಓಡುವಾಗ ಕಿವಿ ಮುಚ್ಚಿಕೊಂಡು ಕೂತಿರುತ್ತಾರೆ. ಅವರ ತಪ್ಪಲ್ಲ, ಯಾರಾದರೂ ಹಾಗೇ ಮಾಡುತ್ತಾರೆ. ಕನ್ನಡ ಬೇಕೇ ಬೇಕು, ಬೇಡ ಎನ್ನುತ್ತಿಲ್ಲ. ಓದುವ ಮುಂಚೆ ಕನ್ನಡದಲ್ಲಿ ಸಂದರ್ಭ ಹೇಳಿ: ಸಂತೆಗೆ ಹೋದ ಒಬ್ಬರ ಕಥೆ ಇದು ಅಂತ. ಆಮೇಲೆ ಇಂಗ್ಲಿಷ್ ಮುಗಿಯುವವರೆಗೆ ಸುಮ್ಮನಿರಿ.

ಒಂದು ತುಣುಕು ಕೊಡುತ್ತೇನೆ, ಬೋರ್ಡಿನ ಮೇಲೆ ಬರೆಯಬೇಡಿ. 'ಎವ್ರಿ ಮಂಡೇ ಮೈ ಅಂಕಲ್ ಗೋಸ್ ಟು ದ ಮಾರ್ಕೆಟ್ ಟು ಸೆಲ್ ಆನಿಯನ್ಸ್. ಲಾಸ್ಟ್ ಮಂಡೇ ಇಟ್ ರೇನ್ಡ್ ಆಲ್ ಮಾರ್ನಿಂಗ್. ಹೀ ಕೇಮ್ ಹೋಂ ಅರ್ಲಿ, ವೆಟ್ ಫ್ರಂ ಹೆಡ್ ಟು ಫೂಟ್. ಬಟ್ ದ ಬ್ಯಾಗ್ಸ್ ವರ್ ಎಂಪ್ಟಿ, ಆ್ಯಂಡ್ ಹೀ ವಾಸ್ ಸಿಂಗಿಂಗ್.'

ನೀವು ಮಾತಾಡುವ ವೇಗದಲ್ಲೇ ಓದಿ. ಒಂದೊಂದು ಶಬ್ದವನ್ನೂ ಬಿಡಿಬಿಡಿಯಾಗಿ ನಿಲ್ಲಿಸಿ ಓದಿದರೆ ಅದು ಮತ್ತೆ ಪುಸ್ತಕವೇ ಆಯಿತು. ಮೊದಲ ಸಲ ಪೆನ್ನು ಕೆಳಗಿಟ್ಟು ಕೇಳಲಿ. ಎರಡನೇ ಸಲ ಸಿಕ್ಕಷ್ಟು ಶಬ್ದ ಬರೆದುಕೊಳ್ಳಲಿ. ಆಮೇಲೆ ನಾಲ್ಕು ನಾಲ್ಕು ಮಕ್ಕಳು ತಲೆ ಸೇರಿಸಿ, ಒಬ್ಬರಿಗೆ ಸಿಕ್ಕದ್ದು ಇನ್ನೊಬ್ಬರಿಗೆ ಕೊಟ್ಟು, ನಾಲ್ಕೂ ವಾಕ್ಯ ಮತ್ತೆ ಕಟ್ಟಲಿ. ಆ ಹೊತ್ತಿಗೆ ಕ್ಲಾಸಿನಲ್ಲಿ ಗದ್ದಲ ಏಳುತ್ತದೆ. ಅವರು ಜಗಳವಾಡುತ್ತಿರುವುದು ವಾಸ್ ಬರುತ್ತದಾ ವರ್ ಬರುತ್ತದಾ ಎಂಬುದಕ್ಕೆ. ಪಕ್ಕದ ಕ್ಲಾಸಿನವರು ಬಂದು ಕೇಳಿದರೆ ಗ್ರಾಮರ್ ನಡೆಯುತ್ತಿದೆ ಎನ್ನಿ.

ಪ್ರಶ್ನೆ ಕೇಳುವಾಗ 'ಏನು ಮಾರಲು ಹೋದ' ಎಂಬುದರಿಂದ ಶುರು ಮಾಡಬೇಡಿ. ಅದಕ್ಕೆ 'ಆನಿಯನ್ಸ್' ಎಂಬ ಒಂದು ಶಬ್ದ ಕೇಳಿಸಿದ್ದರೆ ಸಾಕು. 'ಈರುಳ್ಳಿ ಪೂರ್ತಿ ಮಾರಾಟವಾಯಿತಾ? ಹೇಗೆ ಹೇಳುತ್ತೀರಿ?' ಎಂದು ಕೇಳಿ. ಮಾರಿದ ಎಂದು ಎಲ್ಲೂ ಹೇಳಿಲ್ಲ. ಖಾಲಿ ಚೀಲ, ಹಾಡು, ಇವೆರಡನ್ನೂ ಹಿಡಿದ ಮಗುವೇ ಉತ್ತರ ಕೊಡುತ್ತದೆ. ಉತ್ತರವನ್ನು ಕನ್ನಡದಲ್ಲೇ ಹೇಳಲಿ. ಪರೀಕ್ಷೆ ಅಲ್ಲಿ ಕಿವಿಗೆ, ಬಾಯಿಗಲ್ಲ. ಅಂಕ ಹಾಕಬೇಡಿ. ಹಾಕಿದ ದಿನದಿಂದ ಮಕ್ಕಳು ಕೇಳುವುದು ಬಿಟ್ಟು ಪಕ್ಕದವರ ಹಾಳೆ ನೋಡುತ್ತಾರೆ.

ಪ್ರಶ್ನೆ: ಹೊಲದ ಕೆಲಸ, ಕೂತು ಬರೆಯಲು ಸಮಯವಿಲ್ಲ. ರೇಡಿಯೊ ಕೇಳಿ ಇಂಗ್ಲಿಷ್ ಸುಧಾರಿಸಬಹುದಾ? ಕ್ರಿಕೆಟ್ ಕಾಮೆಂಟರಿ? (ರಾಣೆಬೆನ್ನೂರು)

ಖಂಡಿತ. ಆಕಾಶವಾಣಿಯ ಕನ್ನಡ ವಾರ್ತೆ ಮೊದಲು ಕೇಳಿ, ಆಮೇಲೆ ಅದೇ ಹೊತ್ತಿನ ಇಂಗ್ಲಿಷ್ ವಾರ್ತೆ. ಸುದ್ದಿ ಬಹುಪಾಲು ಒಂದೇ. ಏನು ಹೇಳುತ್ತಾರೆಂದು ಗೊತ್ತಿರುವುದರಿಂದ ಹೇಗೆ ಹೇಳುತ್ತಾರೆ ಎಂಬುದರ ಮೇಲೆ ಕಿವಿ ಇಡಬಹುದು. ವಾಯ್ಸ್ ಆಫ್ ಅಮೆರಿಕ 1959ರಲ್ಲೇ ಕಲಿಯುವವರಿಗೆಂದು ಬೇರೆ ವಾರ್ತೆ ಶುರು ಮಾಡಿತ್ತು. ಸುಮಾರು 1,500 ಶಬ್ದ, ಚಿಕ್ಕ ವಾಕ್ಯ, ನಿಧಾನದ ಓದು. ನಮ್ಮ ಕಾಲದಲ್ಲಿ ಶಾರ್ಟ್‌ವೇವ್‌ನ ಗರಗರ ಸದ್ದಿನ ನಡುವೆ ಅದನ್ನು ಹುಡುಕುವುದೇ ಒಂದು ಸಾಹಸ. ಈಗ ಬಿಬಿಸಿಯವರ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಫೋನಿನಲ್ಲೇ ಸಿಗುತ್ತದೆ, ಆರು ನಿಮಿಷ ಇಬ್ಬರ ಮಾತುಕತೆ, ಬರಹವೂ ಉಚಿತ. ಹೊಲದಲ್ಲಿ ಕೇಳಿ, ರಾತ್ರಿ ಬರಹದ ಮೇಲೆ ಒಮ್ಮೆ ಕಣ್ಣಾಡಿಸಿ.

ಕ್ರಿಕೆಟ್ಟಂತೂ ಬಹಳ ಒಳ್ಳೆಯದು. ಸಿನಿಮಾ ಬೇಡ ಎಂದವಳು ಕ್ರಿಕೆಟ್ ಬೇಕು ಎನ್ನುತ್ತೇನೆ, ಕಾರಣವಿದೆ. ಟಿವಿಯಲ್ಲಿ ಚೆಂಡು ಆಫ್ ಸ್ಟಂಪಿನ ಹೊರಗೆ ಹೋದದ್ದು, ಬ್ಯಾಟ್ಸ್‌ಮನ್ ಬಿಟ್ಟದ್ದು ನಿಮ್ಮ ಕಣ್ಣಿಗೆ ಕಂಡಿದೆ. ಮರುಕ್ಷಣ 'ಔಟ್‌ಸೈಡ್ ಆಫ್, ಲೆಫ್ಟ್ ಅಲೋನ್' ಎಂದು ಕಿವಿಗೆ ಬೀಳುತ್ತದೆ. ಅದೇ ಹತ್ತಿಪ್ಪತ್ತು ಮಾತು ದಿನವಿಡೀ ಮತ್ತೆ ಮತ್ತೆ ಬರುತ್ತದೆ. ಇಪ್ಪತ್ತು ಓವರಿನದ್ದಕ್ಕಿಂತ ಐದು ದಿನದ ಟೆಸ್ಟ್ ವಾಸಿ, ಕಾಮೆಂಟರಿಯವರಿಗೆ ಉಸಿರಾಡಲು ಪುರುಸೊತ್ತಿರುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಒಂದು ಕೋಚಿಂಗ್ ಸೆಂಟರ್‌ನವರು 30 ದಿನದಲ್ಲಿ ಇಂಗ್ಲಿಷ್ ಕೇಳಿದ್ದೆಲ್ಲ ಅರ್ಥವಾಗುವ ಹಾಗೆ ಮಾಡುತ್ತೇವೆ ಅನ್ನುತ್ತಾರೆ. ಸೇರಲಾ? (ಹಾಸನ)

ಹಣ ಕಟ್ಟುವ ಮುಂಚೆ ಒಂದು ದಿನ ಕ್ಲಾಸಿನಲ್ಲಿ ಕೂರಲು ಬಿಡುತ್ತೀರಾ ಎಂದು ಕೇಳಿ. ಬಿಟ್ಟರೆ ಗಡಿಯಾರ ನೋಡಿಕೊಂಡು ಕೂತಿರಿ. ಒಂದು ಗಂಟೆಯಲ್ಲಿ ನಿಮಗೆ ಎಷ್ಟು ನಿಮಿಷ ಇಂಗ್ಲಿಷ್ ಕೇಳಿಸಿದರು, ಎಷ್ಟು ನಿಮಿಷ ಇಂಗ್ಲಿಷಿನ ಬಗ್ಗೆ ಕನ್ನಡದಲ್ಲಿ ಭಾಷಣ ಮಾಡಿದರು ನೋಡಿ. ಒಂದೇ ತುಣುಕನ್ನು ಎರಡನೇ ಸಲ ಹಾಕಿದರಾ? ನಿಮ್ಮ ಹಾಳೆ ತೆಗೆದು, ನಿಮಗೆ ಎಲ್ಲಿ ತಪ್ಪಿತು ಎಂದು ನೋಡಿದರಾ? ಟೆನ್ಸ್ ಚಾರ್ಟಿನ ಜೆರಾಕ್ಸ್ ಕೊಟ್ಟು ಕಳಿಸಿದರೆ ಚಾರ್ಟ್ ಇಟ್ಟುಕೊಳ್ಳಿ, ಹಣ ಕಟ್ಟಬೇಡಿ.